ಟ್ರ್ಯಾಕ್ ಕಾರನ್ನು ಪೂರ್ತಿ ಇಳಿಸಿದ್ದೇನೆ, ಕೊಯಮತ್ತೂರಿಗೆ ಒಯ್ಯುವುದು ಹೇಗೆ, ಸೆಟ್ ಮಾಡುವುದು ಹೇಗೆ?

ಪ್ರಶ್ನೆ: ನಾನು ಮಂಡ್ಯದವನು. ಹಳೆಯ ಪೆಟ್ರೋಲ್ ಸ್ವಿಫ್ಟ್ ಒಂದನ್ನು ಟ್ರ್ಯಾಕಿಗೆ ಅಂತಲೇ ಇಟ್ಟುಕೊಂಡಿದ್ದೇನೆ. ಹಿಂದಿನ ಸೀಟು ತೆಗೆಸಿ, ಕಾರು ಮಗುಚಿದರೆ ಕಾಪಾಡುವ ಪೈಪಿನ ಚೌಕಟ್ಟು, ಅಂದರೆ ರೋಲ್ ಕೇಜ್ ಹಾಕಿಸಿದ್ದೇನೆ. ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಸೆಟ್ಟು) ಹಾಕಿ ಎಷ್ಟು ಇಳಿಯುತ್ತೋ ಅಷ್ಟೂ ಇಳಿಸಿದ್ದೇನೆ. ಮುಂದಿನ ಬಂಪರಿನ ಕೆಳಗೆ ಚಾಚಿರುವ ಹಲಗೆ, ಅಂದರೆ ಸ್ಪ್ಲಿಟರ್, ನೆಲದಿಂದ 75 ಮಿ.ಮೀ. ಎತ್ತರದಲ್ಲಿದೆ. ಕಳೆದ ಸಲ ಟೋಯಿಂಗ್ ಗಾಡಿಗೆ ಹತ್ತಿಸುವಾಗ ಅದು ಮುರಿಯಿತು. ಟ್ರ್ಯಾಕಿನಲ್ಲಿ ತಿರುವಿನ ಮಧ್ಯೆ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಮೂತಿ ಹೊರಕ್ಕೇ ಹೋಗುತ್ತದೆ. ಈಗ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ಒಯ್ಯಬೇಕು. ಟ್ರೇಲರ್ ಕೊಳ್ಳಲಾ, ಕ್ಯಾಂಟರ್ ಬಾಡಿಗೆಗೆ ತೆಗೆದುಕೊಳ್ಳಲಾ? ಹಿಂದೆ ದಪ್ಪ ಆಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳು) ಹಾಕಿಸು ಅಂತ ಗೆಳೆಯರು ಹೇಳುತ್ತಿದ್ದಾರೆ, ಹಾಕಿಸಲಾ?

ಉತ್ತರ: ಸಾಗಿಸುವುದರ ಬಗ್ಗೆ ಒಂದು ಪ್ರಶ್ನೆ, ಓಡಿಸುವುದರ ಬಗ್ಗೆ ಇನ್ನೊಂದು ಅಂತ ಕೇಳಿದ್ದೀರಿ. ನಾನು ನೋಡುವ ಪ್ರಕಾರ ಎರಡಕ್ಕೂ ಕಾರಣ ಒಂದೇ. ನಿಮ್ಮ ಕಾರು ಜಾಸ್ತಿ ಇಳಿದಿದೆ. ಗಾಡಿ ಹುಡುಕುವುದಕ್ಕೂ ಮೊದಲು ಮುಂದಿನ ಭಾಗವನ್ನು 20 ಮಿ.ಮೀ. ಎತ್ತಿ. ಇಳಿಸಿದಷ್ಟೂ ಒಳ್ಳೆಯದು ಅಂತ ನಂಬಿದವರಿಗೆ ಇದು ಒಪ್ಪುವ ಮಾತಲ್ಲ, ಗೊತ್ತು. ಹಾಗಾಗಿ ಕಾರಣ ಹೇಳಿಬಿಡುತ್ತೇನೆ.

ಸ್ವಿಫ್ಟಿನ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಕಂಬದಲ್ಲಿರುವ ಸಸ್ಪೆನ್ಷನ್. ಕಾರಿನ ಕೆಳಗೆ ಮಲಗಿ, ಚಕ್ರವನ್ನು ಕಾರಿಗೆ ಜೋಡಿಸುವ ಲೋವರ್ ಆರ್ಮ್ ನೋಡಿ. ಒಳಗಿನ ತುದಿ ಬುಷ್‌ನಲ್ಲಿ ಕೂತಿದೆ, ಹೊರಗಿನ ತುದಿ ಚಕ್ರದ ಹತ್ತಿರ ಬಾಲ್ ಜಾಯಿಂಟಿನಲ್ಲಿದೆ. ಕಂಪನಿಯಿಂದ ಬಂದಾಗ ಹೊರಗಿನ ತುದಿ ಒಳಗಿನದಕ್ಕಿಂತ ಕೆಳಗಿರುತ್ತದೆ. ಸ್ವಲ್ಪ ಇಳಿಸಿದರೆ ಆರ್ಮ್ ಮಟ್ಟವಾಗುತ್ತದೆ, ಅಲ್ಲಿಯವರೆಗೆ ಚಿಂತೆ ಇಲ್ಲ. ಇನ್ನೂ ಇಳಿಸಿದರೆ ಹೊರಗಿನ ತುದಿ ಒಳಗಿನದಕ್ಕಿಂತ ಮೇಲೆ ಹೋಗುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದ. ಕಾರಿನ ಭಾರದ ಕೇಂದ್ರ ಕೆಳಗೆ ಬಂದಿರುತ್ತದೆ ನಿಜ, ಆದರೆ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್ ಅದಕ್ಕಿಂತ ಬೇಗ ಕೆಳಗೆ ಹೋಗಿ ನೆಲದೊಳಕ್ಕೇ ಇಳಿದಿರುತ್ತದೆ. ಎರಡರ ನಡುವಿನ ಅಂತರ ಜಾಸ್ತಿಯಾದಷ್ಟೂ ತಿರುವಿನಲ್ಲಿ ಕಾರನ್ನು ವಾಲಿಸುವ ಬಲ ಜಾಸ್ತಿ. ಅಂದರೆ ಇಳಿಸಿದ ಕಾರು ಇಳಿಸದ ಕಾರಿಗಿಂತ ಹೆಚ್ಚು ವಾಲಲು ನೋಡುತ್ತದೆ. ಅದರ ಮೇಲೆ, ವಾಲಿದಾಗ ಹೊರಗಿನ ಚಕ್ರಕ್ಕೆ ಸಿಗಬೇಕಾದ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು) ಸಿಗುವ ಬದಲು ಕಳೆದುಹೋಗುತ್ತದೆ, ಟೈರು ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಸಸ್ಪೆನ್ಷನ್ನಿಗೆ ಕೆಳಗೆ ಹೋಗಲು ಜಾಗವೂ ಉಳಿದಿರುವುದಿಲ್ಲ. ತಿರುವಿನ ಮಧ್ಯದಲ್ಲಿ ಸ್ಟ್ರಟ್ ಹೋಗಿ ಕೊನೆಯಲ್ಲಿರುವ ರಬ್ಬರ್ ತಡೆಗೆ, ಅಂದರೆ ಬಂಪ್ ಸ್ಟಾಪಿಗೆ ಬಡಿಯುತ್ತದೆ, ಮುಂಭಾಗ ಒಮ್ಮೆಲೇ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಟೈರು ಹಿಡಿತ ಬಿಡುತ್ತದೆ. ಮೂತಿ ಹೊರಕ್ಕೆ ಹೋಗುತ್ತದೆ ಅಂತ ನೀವು ಬರೆದಿರುವುದು ಇದನ್ನೇ ಅನ್ನಿಸುತ್ತದೆ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಮುಂದಿನ ಸ್ಟ್ರಟ್‌ಗಳ ಶಾಫ್ಟಿಗೆ ತೆಳ್ಳನೆಯ ಜಿಪ್ ಟೈ ಒಂದೊಂದು ಕಟ್ಟಿ, ಮುಂದಿನ ಸಲ ಟ್ರ್ಯಾಕಿನಲ್ಲಿ ಎರಡು ಸುತ್ತು ಓಡಿಸಿ ನೋಡಿ. ಟೈ ಮೇಲೆ ಬಂಪ್ ಸ್ಟಾಪಿನವರೆಗೂ ಸರಿದಿದ್ದರೆ ಸಸ್ಪೆನ್ಷನ್ ಅಲ್ಲಿಗೆ ಬಡಿಯುತ್ತಿದೆ ಅಂತ ಖಚಿತ. ಐದು ರೂಪಾಯಿಯೂ ಖರ್ಚಿಲ್ಲ. ದೊಡ್ಡ ಪಾರ್ಟುಗಳಿಗೆ ದುಡ್ಡು ಹಾಕುವ ಮುಂಚೆ ಎಲ್ಲರೂ ಇದನ್ನು ಮಾಡಲಿ ಅಂತ ನನ್ನ ಆಸೆ.

ಇನ್ನು ಸಾಗಿಸುವ ವಿಷಯ. ಸ್ಪ್ಲಿಟರ್ ಯಾಕೆ ಮುರಿಯಿತು ಅನ್ನುವುದು ಸರಳ ಲೆಕ್ಕ. ಟೈರು ನೆಲ ಮುಟ್ಟುವ ಜಾಗದಿಂದ ಸ್ಪ್ಲಿಟರಿನ ತುದಿಯವರೆಗೆ ಟೇಪು ಹಿಡಿಯಿರಿ. ನಿಮ್ಮಂಥ ಕಾರಿನಲ್ಲಿ ಸುಮಾರು 750 ಮಿ.ಮೀ. ಬರಬಹುದು. ಎತ್ತರ 75. ಅಂದರೆ ಹತ್ತಕ್ಕೆ ಒಂದರ ಇಳಿಜಾರು ಮಾತ್ರ ನಿಮ್ಮ ಕಾರು ಹತ್ತಬಲ್ಲದು, ಅದಕ್ಕಿಂತ ಕಡಿದಾದರೆ ಚಕ್ರಕ್ಕಿಂತ ಮೊದಲು ಸ್ಪ್ಲಿಟರ್ ತಾಗುತ್ತದೆ. ಫ್ಲಾಟ್‌ಬೆಡ್ ಟೋಯಿಂಗ್ ಗಾಡಿ ಹಿಂದಕ್ಕೆ ಬಾಗಿಸಿ ಇಳಿಸಿದಾಗ ಇಳಿಜಾರು ಸಾಮಾನ್ಯವಾಗಿ ನಾಲ್ಕಕ್ಕೆ ಒಂದು ಅಥವಾ ಐದಕ್ಕೆ ಒಂದು ಇರುತ್ತದೆ. ಡ್ರೈವರ್ ಎಷ್ಟೇ ನಿಧಾನವಾಗಿ ಎಳೆದರೂ ಅದು ಹತ್ತುವುದಿಲ್ಲ. ಮುಂದೆ 20 ಮಿ.ಮೀ. ಎತ್ತಿ, ಹೊರಡುವ ಮುಂಚೆ ಸ್ಪ್ಲಿಟರ್ ಬಿಚ್ಚಿ ಕಾರಿನೊಳಗೆ ಇಟ್ಟುಬಿಡಿ. ಆಗ ಮೊದಲು ತಾಗುವುದು ಬಂಪರಿನ ಕೆಳ ಅಂಚು. ಅದು ಇನ್ನೊಂದು 50 ಮಿ.ಮೀ. ಮೇಲಿದ್ದು, ಮುಂಚಾಚು 100 ಕಡಿಮೆಯಾದರೆ 650ಕ್ಕೆ 145 ಸಿಗುತ್ತದೆ, ಅಂದರೆ ನಾಲ್ಕೂವರೆಗೆ ಒಂದು. ಆಗದ ಕೆಲಸ ಈಗ ಆಗುವ ಹತ್ತಿರಕ್ಕೆ ಬಂತು. ಸ್ಪ್ಲಿಟರನ್ನು ಕಾಯಂ ಬೋಲ್ಟ್ ಹಾಕಿ ಕೂರಿಸಿದ್ದರೆ, ಹತ್ತು ನಿಮಿಷದಲ್ಲಿ ಬಿಚ್ಚುವ ಹಾಗೆ ಮಾಡಿಸಿಕೊಳ್ಳಿ.

ಉಳಿದ ಕೊರತೆಗೆ ಹಲಗೆ. ಕಟ್ಟಡ ಕೆಲಸದ ಸೆಂಟ್ರಿಂಗ್ ಹಲಗೆ ಆಗುತ್ತದೆ, ಎರಡು ಇಂಚು ದಪ್ಪ, ಒಂಬತ್ತು ಇಂಚು ಅಗಲ ಇರಲಿ. ಚಕ್ರಕ್ಕೆ ಎರಡರಂತೆ, ಒಂದರ ಮೇಲೊಂದು, ಮೇಲಿನದು ಗಾಡಿಯ ಕಡೆಗೆ ಒಂದಡಿ ಸರಿದ ಹಾಗೆ ಮೆಟ್ಟಿಲು ಮಾಡಿ ಗಾಡಿಯ ತುದಿಯ ಮುಂದೆ ಇಡಿ. ಮುಂದಿನ ಚಕ್ರ ಮೊದಲು ಹಲಗೆ ಹತ್ತುತ್ತದೆ, ಮೂತಿ ಮೇಲೆದ್ದ ಮೇಲೆ ಗಾಡಿಯ ಇಳಿಜಾರು ಬರುತ್ತದೆ. ಹಲಗೆಯ ಅಂಚನ್ನು ಓರೆಯಾಗಿ ಕುಯ್ಸಿಕೊಳ್ಳಿ. ಗಟ್ಟಿ ನೆಲದಲ್ಲೇ ಹತ್ತಿಸಿ. ಮಂಡ್ಯ ಸುತ್ತಮುತ್ತ ನಾಲೆಗೆ ನೀರು ಬಿಟ್ಟ ಕಾಲದಲ್ಲಿ ರಸ್ತೆ ಪಕ್ಕದ ಮಣ್ಣು ಮೆತ್ತಗಿರುತ್ತದೆ, ಹಲಗೆ ಒಳಗಿಳಿದರೆ ಲೆಕ್ಕವೆಲ್ಲ ಹಾಳು.

ಗಾಡಿ ಯಾವುದು ಅನ್ನುವುದಕ್ಕೆ ನನ್ನ ಉತ್ತರ: ಹೈಡ್ರಾಲಿಕ್ ಫ್ಲಾಟ್‌ಬೆಡ್. ಕ್ಯಾಂಟರ್ ಬಾಡಿಗೆ ಅಗ್ಗ ಅನ್ನಿಸಬಹುದು. 14 ಅಡಿಯ ಬಾಡಿಯಲ್ಲಿ ಸ್ವಿಫ್ಟ್ ಹಿಡಿಯುತ್ತದೆ ಕೂಡ, ಕಾರಿನ ಉದ್ದ 12 ಅಡಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಆದರೆ ಕ್ಯಾಂಟರಿನ ಹಲಗೆ ನೆಲದಿಂದ ಮೂರಡಿ ಮೇಲಿರುತ್ತದೆ. ಕಾರು ಈಗಿರುವ ಹಾಗೆ ಹತ್ತಕ್ಕೆ ಒಂದರ ಲೆಕ್ಕದಲ್ಲಿ 30 ಅಡಿಯ, ಎತ್ತಿ ಸ್ಪ್ಲಿಟರ್ ಬಿಚ್ಚಿದರೂ 13-14 ಅಡಿಯ ರ‍್ಯಾಂಪ್ ಬೇಕು, ಅದನ್ನು ಎಲ್ಲಿಂದ ತರುತ್ತೀರಿ? ಎಪಿಎಂಸಿ ಯಾರ್ಡಿನಲ್ಲಿ ಕೆಲವು ಗೋದಾಮುಗಳ ಮುಂದೆ ಲಾರಿ ಮಟ್ಟಕ್ಕೆ ಕಟ್ಟೆ ಇರುತ್ತದೆ, ಕೇಳಿಕೊಂಡರೆ ಅಲ್ಲಿಂದ ಹತ್ತಿಸಬಹುದು. ಹತ್ತಿಸಿದಿರಿ ಅಂತಿಟ್ಟುಕೊಳ್ಳೋಣ, ಆ ಕಡೆ ಇಳಿಸುವುದು ಎಲ್ಲಿ? ಇನ್ನೊಂದು ತೊಡಕು ಹೊಟ್ಟೆಯದು. ರ‍್ಯಾಂಪ್ ಮುಗಿದು ಹಲಗೆ ಶುರುವಾಗುವ ಏಣಿನಲ್ಲಿ ಮುಂದಿನ ಚಕ್ರ ಮೇಲೆ, ಹಿಂದಿನ ಚಕ್ರ ಕೆಳಗೆ ಇರುವಾಗ ಕಾರಿನ ಹೊಟ್ಟೆ ಅಂಚಿಗೆ ತಾಗುತ್ತದೆ. ಸ್ವಿಫ್ಟಿನ ಎರಡು ಆಕ್ಸಲ್‌ಗಳ ನಡುವೆ 2,390 ಮಿ.ಮೀ. ಇದೆ. ಹೊಟ್ಟೆ 100 ಮಿ.ಮೀ. ಎತ್ತರದಲ್ಲಿದ್ದರೆ ಆ ಏಣಿನಲ್ಲಿ ಇಳಿಜಾರು ಆರಕ್ಕೆ ಒಂದಕ್ಕಿಂತ ಜಾಸ್ತಿ ಬದಲಾಗಬಾರದು. ಎಕ್ಸಾಸ್ಟ್ ಪೈಪು, ಬ್ರೇಕ್ ಲೈನು ಎಲ್ಲ ಅಲ್ಲೇ ಹೋಗುತ್ತವೆ ಅನ್ನುವುದು ನೆನಪಿರಲಿ. ಬಾಗುವ ಫ್ಲಾಟ್‌ಬೆಡ್‌ನಲ್ಲಿ ಈ ಏಣೇ ಇಲ್ಲ, ಕಾರು ಪೂರ್ತಿ ಮೇಲೆ ಬಂದ ಮೇಲೆ ಬೆಡ್ಡೇ ಮಟ್ಟವಾಗುತ್ತದೆ. ಜೊತೆಗೆ, ಕ್ಯಾಂಟರಿನ ಪಕ್ಕದ ಗೋಡೆಗಳ ನಡುವೆ ಕಾರು ನಿಂತ ಮೇಲೆ ಬಾಗಿಲು ತೆಗೆಯಲು ಜಾಗ ಸಿಗುವುದು ಕಷ್ಟ. ಒಳಗಿರುವವರು ಹೇಗೆ ಬರುತ್ತಾರೆ ಅಂತ ಯೋಚಿಸಿ ಹತ್ತಿಸಬೇಕು.

ಮುಂದಿನ ಎರಡು ಚಕ್ರ ಮಾತ್ರ ಎತ್ತಿ ಎಳೆದುಕೊಂಡು ಹೋಗುವ ಕ್ರೇನ್ ಗಾಡಿಗೆ ಈ ಕಾರನ್ನು ಯಾವ ಕಾರಣಕ್ಕೂ ಕೊಡಬೇಡಿ. ಮುಂದೆ ಎತ್ತಿದಾಗ ಹಿಂದಿನ ಬಂಪರ್ ನೆಲಕ್ಕೆ ಉಜ್ಜುತ್ತದೆ. ಓಡಿಸಿಕೊಂಡೇ ಹೋಗುವ ಯೋಚನೆಯೂ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಗಳನ್ನು ಒಪ್ಪುವುದಿಲ್ಲ. ಹೆಲ್ಮೆಟ್ ಹಾಕದೆ ರೋಲ್ ಕೇಜ್ ಇರುವ ಕಾರಿನಲ್ಲಿ ರಸ್ತೆಯ ಮೇಲೆ ಓಡಾಡುವುದು ತಲೆಗೆ ಅಪಾಯ ಕೂಡ.

ಟ್ರೇಲರ್ ಈಗಲೇ ಕೊಳ್ಳಬೇಡಿ. ವರ್ಷಕ್ಕೆ ಮೂರು ನಾಲ್ಕು ಸಲ ಹೋಗುವವರೆಗೂ ಲೆಕ್ಕ ಕೂಡಿಬರುವುದಿಲ್ಲ. ನಮ್ಮ ಕಾಯ್ದೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ, ಅದಕ್ಕೂ ರಿಜಿಸ್ಟ್ರೇಷನ್ ಬೇಕು. ಯಾರಾದರೂ ಗೆಳೆಯರ ಟ್ರೇಲರ್ ಸಿಕ್ಕಿದರೆ ಒಂದು ವಿಷಯ ತಿಳಿದುಕೊಳ್ಳಿ. ಸ್ವಿಫ್ಟಿನ ಭಾರದಲ್ಲಿ ಹತ್ತಿರ ಮೂರನೇ ಎರಡು ಪಾಲು ಮುಂದಿನ ಚಕ್ರಗಳ ಮೇಲಿದೆ. ಮೂತಿ ಮುಂದೆ ಮಾಡಿಯೇ ಹತ್ತಿಸಿ, ಟ್ರೇಲರಿನ ಕೊಕ್ಕೆಯ ಮೇಲೆ ಒಟ್ಟು ಭಾರದ ನೂರಕ್ಕೆ ಐದರಿಂದ ಹತ್ತು ಪಾಲು ಬೀಳುವ ಹಾಗೆ ನಿಲ್ಲಿಸಿ. ಎಳೆಯುವ ಗಾಡಿಯ ಕೊಕ್ಕೆಗೆ ಕಂಪನಿ ಹೇಳಿರುವ ಮಿತಿ ಮೀರಬಾರದು. ಭಾರ ಹಿಂದಕ್ಕೆ ಬಿದ್ದರೆ ವೇಗ ಹೆಚ್ಚಿದಂತೆ ಟ್ರೇಲರ್ ಬಾಲ ಆಡಿಸಲು ಶುರು ಮಾಡುತ್ತದೆ, ಆಮೇಲೆ ಎಳೆಯುವ ಗಾಡಿಯನ್ನೂ ಸೇರಿಸಿ ಮಗುಚುತ್ತದೆ.

ಹತ್ತಿಸುವಾಗ ಒಂದು ಎಚ್ಚರ. ವಿಂಚ್ ಹಗ್ಗಕ್ಕೆ ಟೋ ಹುಕ್ ಬಿಟ್ಟು ಬೇರೆಲ್ಲೂ ಕೊಕ್ಕೆ ಹಾಕಬೇಡಿ. ಇಂಜಿನ್ ಆಫ್ ಇದ್ದರೆ ಬ್ರೇಕ್ ಬೂಸ್ಟರ್ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಖಾಲಿಯಾಗುತ್ತದೆ, ಪೆಡಲ್ ಕಲ್ಲಾಗುತ್ತದೆ. ಸ್ಟಿಯರಿಂಗ್ ಹಿಡಿದು ಕೂತವರಿಗೆ ಇದು ಗೊತ್ತಿರಬೇಕು. ಕಾರಿನ ಹಿಂದೆ ಮತ್ತು ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು, ಮಕ್ಕಳಂತೂ ಹತ್ತಿರವೇ ಬರಬಾರದು.

ಕಟ್ಟುವುದರಲ್ಲಿ ಜಾಸ್ತಿ ಜನ ತಪ್ಪುವುದು ಒಂದೇ ಕಡೆ. ಬೆಲ್ಟನ್ನು ಚಾಸಿಗೋ ಲೋವರ್ ಆರ್ಮಿಗೋ ಹಾಕಿ ರ‍್ಯಾಚೆಟ್ ಬಿಗಿಯುತ್ತಾರೆ. ಚಾಸಿಗೆ ಕಟ್ಟಿದರೆ ಹಂಪಿನಲ್ಲಿ ಸ್ಪ್ರಿಂಗ್ ಕುಗ್ಗಿದಾಗ ಬೆಲ್ಟ್ ಸಡಿಲವಾಗುತ್ತದೆ, ಕೊಕ್ಕೆ ಕಳಚುತ್ತದೆ, ಸ್ಪ್ರಿಂಗ್ ಎದ್ದಾಗ ಜಗ್ಗುತ್ತದೆ. ಲೋವರ್ ಆರ್ಮಿಗೆ, ಚಕ್ರ ತಿರುಗಿಸುವ ಟೈ ರಾಡಿಗೆ ಕಟ್ಟಿದರೆ ನೀವು ಮನೆಯಲ್ಲಿ ಕೂತು ಮಾಡಿದ ಅಲೈನ್‌ಮೆಂಟ್ ದಾರಿಯಲ್ಲೇ ಹೋಗುತ್ತದೆ. ಕಟ್ಟಬೇಕಾದದ್ದು ಚಕ್ರಗಳನ್ನು. ಚಕ್ರ ಅಲುಗದೆ ಕೂತಿರಲಿ, ಮೇಲಿನ ಬಾಡಿ ತನ್ನ ಸಸ್ಪೆನ್ಷನ್ ಮೇಲೆ ಆಡಿಕೊಂಡಿರಲಿ. ಟೈರಿನ ಮೇಲಿಂದ ಸುತ್ತುವ ಬೆಲ್ಟುಗಳು ಸಿಗುತ್ತವೆ. ಆದರೆ ನಿಮ್ಮ ಕಾರಿನಲ್ಲಿ ಟೈರಿಗೂ ಫೆಂಡರಿಗೂ ನಡುವೆ ಬೆರಳು ತೂರುವಷ್ಟೂ ಜಾಗ ಇರಲಿಕ್ಕಿಲ್ಲ. ಹಾಗಿದ್ದರೆ ಮೆತ್ತನೆಯ ಬಟ್ಟೆ ಕವಚ ಇರುವ ಬೆಲ್ಟನ್ನು ಅಲಾಯ್ ಚಕ್ರದ ಕಡ್ಡಿಗಳ ನಡುವೆ ತೂರಿಸಿ ಕಟ್ಟಿ. ಬ್ರೇಕ್ ಹೋಸ್, ಟೈರಿನ ವಾಲ್ವ್ ಎರಡಕ್ಕೂ ಬೆಲ್ಟ್ ತಾಗಬಾರದು. ಇದನ್ನು ಕಾರು ನೆಲದ ಮೇಲಿರುವಾಗಲೇ ತೂರಿಸಿ ಇಟ್ಟುಕೊಂಡರೆ ಮೇಲೆ ಹತ್ತಿ ಒದ್ದಾಡಬೇಕಿಲ್ಲ.

ನಾಲ್ಕು ಚಕ್ರಕ್ಕೆ ನಾಲ್ಕು ಬೆಲ್ಟ್, ಎರಡು ಮುಂದಕ್ಕೆ ಎಳೆಯಲಿ, ಎರಡು ಹಿಂದಕ್ಕೆ. ಗಾಡಿ ಜೋರಾಗಿ ಬ್ರೇಕ್ ಹಾಕಿದಾಗ ಕಾರಿನ ತೂಕದ ನೂರಕ್ಕೆ 80ರಷ್ಟು ಬಲ ಮುಂದಕ್ಕೆ ನೂಕುತ್ತದೆ ಅನ್ನುವುದು ಸರಕು ಕಟ್ಟುವವರ ಸಾಮಾನ್ಯ ಲೆಕ್ಕ, ಪಕ್ಕಕ್ಕೆ ಮತ್ತು ಹಿಂದಕ್ಕೆ 50. ನಿಮ್ಮ ಕಾರು 950 ಕೆಜಿ ಇದ್ದರೆ ಮುಂದಕ್ಕೆ 760 ಕೆಜಿ. ಬೆಲ್ಟಿನ ಮೇಲಿನ ಚೀಟಿ ಓದಿ. ಕಿತ್ತುಹೋಗುವ ತೂಕ ಬೇರೆ, ಬಳಸಬಹುದಾದ ತೂಕ ಬೇರೆ. ಬಳಸಬಹುದಾದದ್ದು ಒಂದೊಂದಕ್ಕೂ 1,000 ಕೆಜಿ ಇರುವ ಬೆಲ್ಟೇ ತೆಗೆದುಕೊಳ್ಳಿ. ಅಂಚು ಸವೆದ ಬೆಲ್ಟ್ ಎಸೆದುಬಿಡಿ. ಗೇರಿನಲ್ಲಿ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಮರದ ತುಂಡು ಅಡ್ಡ ಕೊಡಿ. ಟೈರಿಗೆ ಗಾಳಿ ಮಾಮೂಲಿಗಿಂತ ಸ್ವಲ್ಪ ಜಾಸ್ತಿಯೇ ಇರಲಿ, ಗಾಳಿ ಇಳಿದರೆ ಬೆಲ್ಟೂ ಸಡಿಲವಾಗುತ್ತದೆ. ಪೆಟ್ರೋಲ್ ಟ್ಯಾಂಕ್ ತುಂಬಿಸಬೇಡಿ, ಘಾಟಿಯಲ್ಲಿ ವಾಲಿದಾಗ ಸೋರುತ್ತದೆ. ಆ ಕಡೆ ಹೋಗಿ ಹಾಕಿಸಿಕೊಂಡರಾಯಿತು.

ದಾರಿ. ಮಂಡ್ಯದಿಂದಾದರೆ ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರ, ಅಲ್ಲಿಂದ ಹಾಸನೂರು, ದಿಂಬಂ ಘಾಟಿ, ಬಣ್ಣಾರಿ, ಸತ್ಯಮಂಗಲ. ರಾಷ್ಟ್ರೀಯ ಹೆದ್ದಾರಿ 948. ಮೈಸೂರಿನವರು ನಂಜನಗೂಡಿನ ಮೇಲೆ ಬಂದು ಚಾಮರಾಜನಗರದಲ್ಲಿ ಅದೇ ರಸ್ತೆ ಸೇರುತ್ತಾರೆ. ದಿಂಬಂನಲ್ಲಿ 27 ಹೇರ್‌ಪಿನ್ ತಿರುವು. ಅಲ್ಲಿ ಪಕ್ಕದ ಎಳೆತ ಜಾಸ್ತಿ, ಅದಕ್ಕೇ ಕಟ್ಟುವುದರ ಬಗ್ಗೆ ಅಷ್ಟು ಹೇಳಿದ್ದು. ಸತ್ಯಮಂಗಲ ಹುಲಿ ಮೀಸಲು ಅರಣ್ಯದ ಈ ಭಾಗದಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರ ಫೆಬ್ರುವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ, ಭಾರಿ ವಾಹನಗಳಿಗೆ ಸಂಜೆ 6ರಿಂದ, ಸಣ್ಣವಕ್ಕೆ ರಾತ್ರಿ 9ರಿಂದ, ಬೆಳಗ್ಗೆ 6ರವರೆಗೆ. ಫ್ಲಾಟ್‌ಬೆಡ್ ಯಾವ ಗುಂಪು ಅಂತ ಚೆಕ್‌ಪೋಸ್ಟಿನಲ್ಲಿ ವಾದ ಮಾಡುವುದಕ್ಕಿಂತ ಮಧ್ಯಾಹ್ನಕ್ಕೇ ಘಾಟಿ ಇಳಿದುಬಿಡುವ ಹಾಗೆ ಹೊರಡಿ. ಹೊರಟು 20-30 ಕಿ.ಮೀ. ಆದ ಮೇಲೆ ಒಮ್ಮೆ ನಿಲ್ಲಿಸಿ ಬೆಲ್ಟ್ ಬಿಗಿ ನೋಡಬೇಕು, ಮೊದಲ ಕುಲುಕಾಟಕ್ಕೆ ಎಲ್ಲ ಬೆಲ್ಟೂ ಸ್ವಲ್ಪ ಸಡಿಲವಾಗುತ್ತದೆ. ಎರಡನೇ ಸಲ ಚಾಮರಾಜನಗರದಲ್ಲೇ ನೋಡಿಬಿಡಿ, ಪುಣಜನೂರು ಚೆಕ್‌ಪೋಸ್ಟ್ ದಾಟಿದ ಮೇಲೆ ಕಾಡಿನಲ್ಲಿ ಇಳಿಯಬೇಡಿ. ಹಾಸನೂರಿನ ಹತ್ತಿರ ಆನೆಗಳು ಕಬ್ಬಿನ ಲಾರಿ ಕಾಯುತ್ತಾ ರಸ್ತೆಯಲ್ಲೇ ನಿಂತಿರುತ್ತವೆ.

ಬಂಡೀಪುರ, ಊಟಿ ಮೇಲೆ ಹೋಗುವ ದಾರಿ ಈ ಕೆಲಸಕ್ಕಲ್ಲ. ಕಾಡಿನುದ್ದಕ್ಕೂ ಹಂಪು, ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್, ಆಮೇಲೆ ನೀಲಗಿರಿ ಹತ್ತಿ ಇಳಿಯಬೇಕು. ಘಾಟಿಯೇ ಬೇಡ ಅಂದರೆ ಬೆಂಗಳೂರು, ಕೃಷ್ಣಗಿರಿ, ಸೇಲಂ ಸುತ್ತಬೇಕು, ದೂರ ಹತ್ತಿರ ದುಪ್ಪಟ್ಟು. ಮುಂದೊಮ್ಮೆ ಚೆನ್ನೈ ಟ್ರ್ಯಾಕಿಗೆ ಹೋಗುವುದಾದರೆ ಅದು ಸಲೀಸು, ಇರುಂಗಾಟ್ಟುಕೋಟೆ ಶ್ರೀಪೆರಂಬದೂರಿನ ಹತ್ತಿರ, ಹೆದ್ದಾರಿಯ ಪಕ್ಕದಲ್ಲೇ ಇದೆ. ಊರೊಳಗೆ ಹೋಗಬೇಕಿಲ್ಲ.

ಗಾಡಿಗೆ ತಮಿಳುನಾಡಿಗೆ ಹೋಗುವ ಪರ್ಮಿಟ್ ಇದೆಯಾ ಅಂತ ಬಾಡಿಗೆ ಮಾತಾಡುವಾಗಲೇ ಕೇಳಿ. ಕಾರಿನ ಆರ್‌ಸಿ, ಟ್ರ್ಯಾಕ್ ಬುಕಿಂಗ್ ರಸೀದಿ ನಿಮ್ಮ ಹತ್ತಿರ ಇರಲಿ. ಮಾಮೂಲಿ ಕಾರ್ ಇನ್ಶೂರೆನ್ಸ್ ಪಾಲಿಸಿಯಲ್ಲಿ ರೇಸಿಂಗ್, ವೇಗ ಪರೀಕ್ಷೆ ಇವನ್ನು ಹೊರಗಿಟ್ಟಿರುತ್ತಾರೆ. ಟ್ರ್ಯಾಕಿನಲ್ಲಿ ಆಗುವ ಹಾನಿ ನಿಮ್ಮದೇ ಜೇಬು ಅಂತ ಲೆಕ್ಕ ಇಟ್ಟುಕೊಂಡೇ ಹೋಗಿ. ದಾರಿಯಲ್ಲಾಗುವ ಹಾನಿಗೆ ಟ್ರಾನ್ಸಿಟ್ ಪಾಲಿಸಿ ಬೇರೆ ಇದೆ, ಕಾರಿಗೆ ಖರ್ಚು ಮಾಡಿದ್ದಿದ್ದರೆ ಮಾಡಿಸಿ. ಟ್ರ್ಯಾಕ್ ಡೇ ಬೇರೆ, ಸ್ಪರ್ಧೆ ಬೇರೆ. ಸ್ಪರ್ಧೆಗೆ ಇಳಿಯುವ ದಿನ ಎಫ್‌ಎಂಎಸ್‌ಸಿಐ (ದೇಶದ ಮೋಟಾರು ಕ್ರೀಡಾ ಒಕ್ಕೂಟ) ಲೈಸೆನ್ಸ್ ಬೇಕಾಗುತ್ತದೆ.

ಈಗ ಸೆಟ್ ಮಾಡುವುದು. ಇದನ್ನು ಮನೆಯಲ್ಲೇ ಮಾಡಿ, ಟ್ರ್ಯಾಕಿನಲ್ಲಿ ಸರಿಯಿದೆಯಾ ಅಂತ ನೋಡಿಕೊಳ್ಳುವುದಷ್ಟೇ ಉಳಿಯಲಿ. ಮೊದಲು ಮಟ್ಟದ ನೆಲ ಬೇಕು. ಗ್ಯಾರೇಜಿನ ನೆಲ ಕಣ್ಣಿಗೆ ಮಟ್ಟ ಕಾಣುತ್ತದೆ, ಆದರೆ ನೀರು ಹೋಗಲಿ ಅಂತ ಬಾಗಿಲ ಕಡೆಗೆ ವಾಟ ಕೊಟ್ಟಿರುತ್ತಾರೆ. ಗಾರೆ ಕೆಲಸದವರು ಬಳಸುವ ನೀರು ತುಂಬಿದ ಟ್ಯೂಬ್ ಲೆವೆಲ್ ತಂದು, ನಾಲ್ಕು ಚಕ್ರ ನಿಲ್ಲುವ ಜಾಗಗಳ ಎತ್ತರ ಅಳೆಯಿರಿ. ತಗ್ಗಿದ್ದ ಕಡೆ ನೆಲಹಾಸಿನ ಟೈಲ್ಸ್, ತಗಡು ಇಟ್ಟು ಒಂದು ಮಿ.ಮೀ. ಒಳಗೆ ತನ್ನಿ. ಪೇಂಟಿನಲ್ಲಿ ಗುರುತು ಹಾಕಿಬಿಡಿ, ಮುಂದೆ ಪ್ರತಿ ಸಲ ಅದೇ ಜಾಗ. ಮುಂದಿನ ಚಕ್ರಗಳ ಕೆಳಗೆ ಎರಡು ತಗಡಿನ ನಡುವೆ ಗ್ರೀಸ್ ಸವರಿ ಇಟ್ಟರೆ ಚಕ್ರ ಆರಾಮಾಗಿ ಜರುಗಿ ತನ್ನ ಜಾಗಕ್ಕೆ ಬರುತ್ತದೆ. ಜಾಕ್ ಇಳಿಸಿದ ಕೂಡಲೇ ಅಳೆದರೆ ಆ ಅಳತೆ ಸುಳ್ಳು.

ಡ್ರೈವರ್ ಸೀಟಿನಲ್ಲಿ ನಿಮ್ಮಷ್ಟೇ ತೂಕ ಇರಬೇಕು. ಇದಕ್ಕೆ 25 ಕೆಜಿ ಅಕ್ಕಿ ಮೂಟೆಯೇ ಸಲೀಸು, ಮೂರು ಮೂಟೆ ಸೀಟಿನಲ್ಲಿಟ್ಟರೆ 75 ಕೆಜಿ. ಪೆಟ್ರೋಲ್ ಅರ್ಧ ಟ್ಯಾಂಕ್. ಎತ್ತರವನ್ನು ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಬದಲಾದರೆ ಅದೂ ಬದಲಾಗುತ್ತದೆ. ಚಕ್ರದ ನಡುವಿನಿಂದ ಫೆಂಡರಿನ ಅಂಚಿಗೆ ಅಳೆದು ನಾಲ್ಕೂ ಕಡೆಯದನ್ನು ಪುಸ್ತಕದಲ್ಲಿ ಬರೆಯಿರಿ. ಮುಂದೆ ಲೋವರ್ ಆರ್ಮ್ ಮಟ್ಟಕ್ಕೆ ಬರುವವರೆಗೆ ಎತ್ತಿ, ನನ್ನ ಅಂದಾಜು 20, ನಿಮ್ಮದು 15 ಅಥವಾ 25 ಇರಬಹುದು. ಆರ್ಮ್ ಹೇಳಿದ್ದೇ ಸರಿ. ಹಿಂದೆ 5ರಿಂದ 10 ಮಿ.ಮೀ. ಎತ್ತಿದರೆ ಸಾಕು.

ನಾಲ್ಕು ಚಕ್ರದ ಕೆಳಗಿಡುವ ತೂಕದ ಯಂತ್ರ ಯಾರ ಹತ್ತಿರವಾದರೂ ಸಿಕ್ಕಿದರೆ ಕಾರ್ನರ್ ವೆಯ್ಟ್, ಅಂದರೆ ಒಂದೊಂದು ಚಕ್ರದ ಮೇಲೆ ಬೀಳುವ ತೂಕ ನೋಡಿ. ಬಲ ಮುಂದಿನದು ಮತ್ತು ಎಡ ಹಿಂದಿನದು ಕೂಡಿಸಿದರೆ ಒಟ್ಟು ತೂಕದ ಅರ್ಧ ಬರಬೇಕು. ಒಂದು ಮೂಲೆ ಎತ್ತಿದರೆ ಆ ಮೂಲೆಯ ಜೊತೆ ಅದರ ಓರೆ ಎದುರಿನ ಮೂಲೆಯ ತೂಕವೂ ಏರುತ್ತದೆ. ಈ ಕೆಲಸಕ್ಕೆ ಮುಂಚೆ ಆಂಟಿ-ರೋಲ್ ಬಾರಿನ ಒಂದು ಕಡೆಯ ಲಿಂಕ್ ಬಿಚ್ಚಿ, ಮುಗಿದ ಮೇಲೆ ಎಳೆತ ಇಲ್ಲದ ಹಾಗೆ ಹಾಕಿ. ಯಂತ್ರ ಸಿಗದಿದ್ದರೆ ಬೇಸರ ಬೇಡ. ಅಕ್ಕಿ ಗಿರಣಿಯ ಹತ್ತಿರದ ವೇ ಬ್ರಿಡ್ಜಿನಲ್ಲಿ ಮುಂದಿನ ಚಕ್ರ ಮಾತ್ರ ನಿಲ್ಲಿಸಿ, ಆಮೇಲೆ ಇಡೀ ಕಾರು ನಿಲ್ಲಿಸಿ ಎರಡು ಚೀಟಿ ತೆಗೆದುಕೊಳ್ಳಿ. ಮುಂದೆಷ್ಟು ಹಿಂದೆಷ್ಟು ಅನ್ನುವುದಾದರೂ ಸಿಗುತ್ತದೆ, ಸಾಗಿಸುವವರಿಗೆ ಒಟ್ಟು ತೂಕವೂ ಗೊತ್ತಾಗುತ್ತದೆ.

ಎತ್ತರ ಮೊದಲು, ಆಮೇಲೆ ಕ್ಯಾಂಬರ್, ಕೊನೆಗೆ ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂದಿನ ಅಂಚು ಒಳಕ್ಕೋ ಹೊರಕ್ಕೋ ತಿರುಗಿರುವುದು). ಈ ಸಾಲು ತಪ್ಪಿಸಬೇಡಿ, ಮೇಲಿನದು ಬದಲಾದರೆ ಕೆಳಗಿನದೆಲ್ಲ ಬದಲಾಗುತ್ತದೆ. ಮುಂದೆ ನೆಗೆಟಿವ್ ಕ್ಯಾಂಬರ್ 2.5 ಡಿಗ್ರಿಯಿಂದ ಶುರು ಮಾಡಿ. ಉಪಕರಣ ಬೇಕಿಲ್ಲ. ರಿಮ್ಮಿನ ಮೇಲಂಚು ಕೆಳಂಚಿನ ನಡುವೆ 400 ಮಿ.ಮೀ. ಇದ್ದರೆ ಒಂದು ಡಿಗ್ರಿಗೆ 7 ಮಿ.ಮೀ. ವ್ಯತ್ಯಾಸ. ಫೆಂಡರಿನಿಂದ ತೂಗುಗುಂಡು ಇಳಿಬಿಟ್ಟು, ದಾರದಿಂದ ರಿಮ್ಮಿನ ಮೇಲಂಚು ಕೆಳಗಿನದಕ್ಕಿಂತ 17-18 ಮಿ.ಮೀ. ಒಳಗೆ ಬಂದರೆ ನಿಮ್ಮ ಎರಡೂವರೆ ಡಿಗ್ರಿ ಆಯಿತು. ಟೋ ನೋಡಲು ಕಾರಿನ ಎರಡೂ ಪಕ್ಕ, ಚಕ್ರದ ನಡುಮಟ್ಟಕ್ಕೆ, ಮೀನು ಹಿಡಿಯುವ ನೈಲಾನ್ ದಾರ ಎಳೆದು ಕಟ್ಟಿ. ಎರಡು ದಾರಗಳ ನಡುವಿನ ಅಂತರ ಮುಂದೆಯೂ ಹಿಂದೆಯೂ ಒಂದೇ ಇರಬೇಕು, ಕಾರು ಸರಿಯಾಗಿ ನಡುವೆ ಇರಬೇಕು. ದಾರದಿಂದ ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಸ್ಟೀಲ್ ಸ್ಕೇಲ್ ಹಿಡಿಯಿರಿ. ಮುಂದಿನ ಎರಡೂ ಚಕ್ರ ಸೇರಿ 2 ಮಿ.ಮೀ. ಹೊರಕ್ಕೆ ತೆರೆದಿರಲಿ, ತಿರುವಿಗೆ ಮೂತಿ ಬೇಗ ತಿರುಗುತ್ತದೆ. ಹಿಂದಿನದು ಟಾರ್ಷನ್ ಬೀಮ್, ಎರಡೂ ಚಕ್ರ ಕೂಡಿಸುವ ಒಂದೇ ತೊಲೆ, ಅಲ್ಲಿ ಹೊಂದಿಸಲು ಏನೂ ಇಲ್ಲ, ಎರಡೂ ಕಡೆ ಒಂದೇ ಸಮ ಇದೆಯಾ ನೋಡಿ ಸಾಕು. ಎಲ್ಲ ಮುಗಿದ ಮೇಲೆ ಕಾಯಿಲ್‌ಓವರಿನ ರಿಂಗು, ಕ್ಯಾಂಬರ್ ಬೋಲ್ಟು, ಟೈ ರಾಡ್ ನಟ್ಟು ಇವಕ್ಕೆ ಪೇಂಟ್ ಮಾರ್ಕರಿನಿಂದ ಗೆರೆ ಎಳೆಯಿರಿ. ಟ್ರ್ಯಾಕಿನಲ್ಲಿ ಕಾರು ಇಳಿಸಿದ ಮೇಲೆ ಗೆರೆಗಳು ಕೂಡಿಕೊಂಡಿದ್ದರೆ ದಾರಿಯಲ್ಲಿ ಏನೂ ಅಲುಗಿಲ್ಲ ಅಂತ ಅರ್ಥ, ಎರಡು ನಿಮಿಷದ ಕೆಲಸ.

ಇದಾದ ಮೇಲೆ ಪರೀಕ್ಷೆ ಮಾಡೋಣ ಅಂತ ರಿಂಗ್ ರೋಡಿಗೋ ಬೆಂಗಳೂರು ಹೆದ್ದಾರಿಗೋ ಹೋಗಬೇಡಿ, ದಯವಿಟ್ಟು. ಅಲ್ಲಿ ಓಡಾಡುವವರು ನಿಮ್ಮ ಹವ್ಯಾಸಕ್ಕೆ ಒಪ್ಪಿಗೆ ಕೊಟ್ಟವರಲ್ಲ.

ಬ್ರೇಕ್ ಆಯಿಲ್ ಹಳೆಯದಾಗಿದ್ದರೆ ಹೊರಡುವ ವಾರ ಬದಲಾಯಿಸಿ. ಡಾಟ್ 4 ದರ್ಜೆಯ ಆಯಿಲ್ ಹೊಸದರಲ್ಲಿ ಕನಿಷ್ಠ 230 ಡಿಗ್ರಿಗೆ ಕುದಿಯುತ್ತದೆ, ತೇವ ಹೀರಿಕೊಂಡ ಮೇಲೆ ಅದು 155ಕ್ಕೆ ಇಳಿಯಬಹುದು. ಟ್ರ್ಯಾಕಿನಲ್ಲಿ ಆ ಬಿಸಿ ಬರುವುದಕ್ಕೆ ಹೆಚ್ಚು ಸುತ್ತು ಬೇಕಿಲ್ಲ. ಕುದಿಯಿತು ಅಂದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಕರಿ ಟ್ರ್ಯಾಕ್ ಸುಮಾರು 2.1 ಕಿ.ಮೀ. ಅಷ್ಟೇ. ಬ್ರೇಕ್ ಆರಲು ನೇರ ರಸ್ತೆ ಕಡಿಮೆ. ನಾಲ್ಕೈದು ಸುತ್ತು ಜೋರು, ಒಂದು ಸುತ್ತು ನಿಧಾನ, ಹೀಗೆ ಓಡಿಸಿ. ಒಳಗೆ ಬಂದು ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ಬಿಡಿ. ಮೊದಲ ಸೆಷನ್ ಮುಗಿದು ಚಕ್ರ ತಣ್ಣಗಾದ ಮೇಲೆ ವೀಲ್ ನಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಕಾರಿನ ಪುಸ್ತಕ ಹೇಳಿದಷ್ಟಕ್ಕೆ ಇನ್ನೊಮ್ಮೆ ನೋಡಿ.

ಟೈರಿನ ಗಾಳಿಯನ್ನು ಮನೆಯಲ್ಲಿ ಹೊಂದಿಸಿ ಪ್ರಯೋಜನ ಇಲ್ಲ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರ, ಕೊಯಮತ್ತೂರು ಸುಮಾರು 410. ಕೆಳಗೆ ಹೋದಾಗ ಗೇಜು ಅರ್ಧ ಪಿಎಸ್‌ಐ ಕಡಿಮೆ ತೋರಿಸುತ್ತದೆ, ಅಲ್ಲಿನ ಬಿಸಿಲಿಗೆ ಮತ್ತೆ ಏರುತ್ತದೆ. ಬಿಸಿ 10 ಡಿಗ್ರಿ ಏರಿದರೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ, ಅಂದರೆ 30 ಡಿಗ್ರಿಯ ಟೈರು ಓಡಿ 70ಕ್ಕೆ ಬಂದರೆ 6 ಪಿಎಸ್‌ಐ. ಹಾಗಾಗಿ ತಣ್ಣನೆಯ ಅಂಕಿಗೆ ತಲೆ ಕೆಡಿಸಿಕೊಳ್ಳಬೇಡಿ, ಬಿಸಿ ಅಂಕಿ ಮುಖ್ಯ. ಮುಂದೆ 27, ಹಿಂದೆ 28ರಿಂದ ಶುರು ಮಾಡಿ, ಒಳಗೆ ಬಂದ ತಕ್ಷಣ ಅಳೆದು ಮುಂದಿನವು 32-33ಕ್ಕಿಂತ ಮೇಲಿದ್ದರೆ ಬಿಟ್ಟು ಇಳಿಸಿ. ಟೈರ್ ಕಂಪನಿ ಬೇರೆ ಅಂಕಿ ಹೇಳಿದ್ದರೆ ಅದನ್ನೇ ಕೇಳಿ. ಜೊತೆಗೆ ಟೈರಿನ ಒಳಗಡೆ, ನಡುವೆ, ಹೊರಗಡೆ, ಮೂರು ಕಡೆ ಬಿಸಿ ಅಳೆಯಿರಿ, ಚುಚ್ಚಿ ನೋಡುವ ಥರ್ಮಾಮೀಟರ್ ಆದರೆ ಒಳ್ಳೆಯದು. ನಡು ಮಾತ್ರ ಜಾಸ್ತಿ ಬಿಸಿ ಅಂದರೆ ಗಾಳಿ ಜಾಸ್ತಿ. ನಡು ಮಾತ್ರ ತಣ್ಣಗಿದ್ದರೆ ಗಾಳಿ ಕಡಿಮೆ. ಹೊರ ಅಂಚು ಒಳಗಿನದಕ್ಕಿಂತ ಬಿಸಿಯಿದ್ದರೆ ಕ್ಯಾಂಬರ್ ಸಾಲದು. ಒಳ ಅಂಚು ಎಂಟು ಹತ್ತು ಡಿಗ್ರಿ ಜಾಸ್ತಿ ಇದ್ದರೆ ಹಾಗೇ ಇರಲಿ.

ಒಂದು ಸೆಷನ್ನಿಗೆ ಒಂದೇ ಬದಲಾವಣೆ. ಗಾಳಿಯನ್ನೂ ಶಾಕ್ ಅಬ್ಸಾರ್ಬರ್ ಎಷ್ಟು ಗಟ್ಟಿ ಅಂತ ಹೊಂದಿಸುವ ಕ್ಲಿಕ್ಕನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಸಮಯ, ಬಿಸಿಲು, ಗಾಳಿ, ಕಾರು ಹೇಗೆ ನಡೆದುಕೊಂಡಿತು, ಎಲ್ಲ ಅಲ್ಲೇ ನಿಂತು ಬರೆದುಕೊಳ್ಳಿ.

ಉಳಿದದ್ದು ಹಿಂದಿನ ಬಾರ್. ನಿಮ್ಮ ಗೆಳೆಯರ ಮಾತು ತಪ್ಪಲ್ಲ. ಹಿಂದೆ ಗಟ್ಟಿ ಮಾಡಿದರೆ ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಮೂತಿ ಒಳಕ್ಕೆ ಬರುತ್ತದೆ. ಆದರೆ ನಿಮ್ಮ ಮುಂಭಾಗ ಈಗ ಬಂಪ್ ಸ್ಟಾಪಿಗೆ ಬಡಿಯುತ್ತಿದ್ದರೆ, ಅದನ್ನು ಹಾಗೇ ಬಿಟ್ಟು ಹಿಂದೆಯೂ ಹಿಡಿತ ಕಡಿಮೆ ಮಾಡಿದಂತಾಗುತ್ತದೆ. ನಾಲ್ಕೂ ಚಕ್ರ ಜಾರುವ ಕಾರು ಕಷ್ಟ. ಮೊದಲ ಸುತ್ತಿನಲ್ಲಿ ಹಿಂದಿನ ಟೈರು ಇನ್ನೂ ತಣ್ಣಗಿರುವಾಗಂತೂ ಬಾಲ ಹೇಳದೆ ಕೇಳದೆ ಬರುತ್ತದೆ. ಎತ್ತರ ಸರಿಮಾಡಿ ಓಡಿಸಿ. ಇನ್ನೂ ಮೂತಿ ಹೊರಗೆ ಹೋದರೆ ಹಿಂದಿನ ಟೈರಿಗೆ 2 ಪಿಎಸ್‌ಐ ಹೆಚ್ಚಿಸಿ ನೋಡಿ, ಆಮೇಲೆ ಹಿಂದಿನ ಶಾಕ್ ಎರಡು ಕ್ಲಿಕ್ ಗಟ್ಟಿ ಮಾಡಿ. ಇವೆರಡರಿಂದಲೂ ಸಾಲದಿದ್ದರೆ, ಟೈರಿನ ಬಿಸಿ ಅಂಕಿಗಳು ಮುಂದೆ ಮೂರೂ ಕಡೆ ಸರಿಯಾಗಿದ್ದರೆ, ಆಗ ಬಾರ್ ಕೊಳ್ಳಿ.